ಐಟಿಆರ್ ಸೀಸನ್: ಲೆಕ್ಕಕ್ಕಿಂತ ಫೋನೇ ಜಾಸ್ತಿ ಸುಸ್ತು ಮಾಡ್ತಿದೆ, ನೀವೆಲ್ಲ ಹೇಗೆ ನಿಭಾಯಿಸ್ತೀರಿ?

ಒಂಟಿಮೇಜು · ಆಗಸ್ಟ್ 18, 2025

ಎಲ್ಲರಿಗೂ ನಮಸ್ಕಾರ. ನಾನು ಒಬ್ಬನೇ ಕೂತು ಜನರ ಆದಾಯ ತೆರಿಗೆ ರಿಟರ್ನ್ (ಐಟಿಆರ್) ಮಾಡಿಕೊಡುವವನು. ಸ್ಟಾಫ್ ಅಂತ ಯಾರೂ ಇಲ್ಲ. ನನ್ನ ಹತ್ತಿರ ಬರುವವರಲ್ಲಿ ಸಂಬಳದವರೇ ಹೆಚ್ಚು. ಕೆಲವರು ಸಣ್ಣ ವ್ಯಾಪಾರದವರು. ಈಚೆಗೆ ಷೇರು ಮಾಡುವ ಹುಡುಗರೂ ಸೇರಿಕೊಂಡಿದ್ದಾರೆ.

ಈ ವರ್ಷ ರಿಟರ್ನ್ ಹಾಕುವ ಕೊನೇ ದಿನ ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಹೋಯಿತು ಅಂದಾಗ ಸದ್ಯ ಬದುಕಿದೆ ಅಂದುಕೊಂಡೆ. ಆಗಿದ್ದು ಉಲ್ಟಾ. ಘೋಷಣೆ ಮೇ ತಿಂಗಳಲ್ಲೇ ಬಂತಲ್ಲ, ಜೂನ್ ಜುಲೈನಲ್ಲಿ ಯಾರೂ ಕಾಗದ ಕಳಿಸಲಿಲ್ಲ. ಕೇಳಿದರೆ "ಇನ್ನೂ ಟೈಮಿದೆಯಲ್ಲ ಸರ್" ಅನ್ನುವ ಉತ್ತರ. ಷೇರಿನವರು, ವ್ಯಾಪಾರದವರು ಹಾಕುವ ಐಟಿಆರ್-2, ಐಟಿಆರ್-3 ಫಾರಂ ತುಂಬುವ ಯುಟಿಲಿಟಿ ಬಂದಿದ್ದೇ ಜುಲೈನಲ್ಲಿ. ಈಗ ಎಲ್ಲರೂ ಒಟ್ಟಿಗೆ ಮೈಮೇಲೆ ಬಿದ್ದಿದ್ದಾರೆ.

ಕಾಗದ ಎಲ್ಲ ಕೈಯಲ್ಲಿದ್ದರೆ ಸಂಬಳದವರ ಸಾದಾ ಐಟಿಆರ್-1 ಫಾರಂ ಅರ್ಧ ಗಂಟೆಯ ಕೆಲಸ. ಆ ಅರ್ಧ ಗಂಟೆ ಒಟ್ಟಿಗೆ ಸಿಗುವುದಿಲ್ಲ ಅನ್ನುವುದೇ ನನ್ನ ಕಷ್ಟ. "ಆಯ್ತಾ ಸರ್?", "ರಿಫಂಡ್ ಎಷ್ಟು ಬರುತ್ತೆ?", "ಯಾವಾಗ ಬರುತ್ತೆ?", "ನನ್ನ ಫ್ರೆಂಡ್‌ಗೆ ಬಂತಂತೆ, ನಂಗ್ಯಾಕೆ ಇಲ್ಲ?" ದಿನವಿಡೀ ಇದೇ. ಒಬ್ಬರ ಎಐಎಸ್ (ವರ್ಷದ ಆದಾಯ, ವಹಿವಾಟಿನ ಬಗ್ಗೆ ತೆರಿಗೆ ಇಲಾಖೆ ತೋರಿಸುವ ಪಟ್ಟಿ) ತೆರೆದು ಸಾಲು ಸಾಲು ನೋಡುತ್ತಿರುವಾಗ ಇನ್ನೊಬ್ಬರ ಫೋನು. ಇಟ್ಟಮೇಲೆ ಎಲ್ಲಿದ್ದೆ ಅಂತ ಹುಡುಕಬೇಕು. ರಾತ್ರಿ ಮಲಗಿದಾಗಲೂ ತಲೆಯೊಳಗೆ ಬಡ್ಡಿ ಆದಾಯ ಕೂಡಿಸುತ್ತಿರುತ್ತೇನೆ.

ಫೋನ್ ಎತ್ತದೇ ಇದ್ದರೆ ಕ್ಲೈಂಟ್ ಹೋಗ್ತಾರೆ ಅನ್ನುವ ಭಯ. ಎತ್ತಿದರೆ ಕೆಲಸ ಹೋಗುತ್ತೆ. ಹಳಬರು ದಯವಿಟ್ಟು ಹೇಳಿ, ನೀವೇನು ಮಾಡುತ್ತೀರಿ?

ಹಳೇಲೆಡ್ಜರ್ · ಆಗಸ್ಟ್ 18

ತಮ್ಮಾ, ರಿಟರ್ನ್ ಕಾಗದದಲ್ಲಿ ಬರೆದು ಕೌಂಟರ್‌ನಲ್ಲಿ ಸೀಲ್ ಹಾಕಿಸಿಕೊಳ್ಳುತ್ತಿದ್ದ ಕಾಲದಿಂದ ಇದೇ ಕೆಲಸದಲ್ಲಿದ್ದೇನೆ. ಆಗಲೂ "ಆಯ್ತಾ?" ಅನ್ನುವ ಪ್ರಶ್ನೆ ಇತ್ತು. ಜನ ಬಂದು ಬೆಂಚಿನ ಮೇಲೆ ಕೂರುತ್ತಿದ್ದರು, ಅಷ್ಟೇ ವ್ಯತ್ಯಾಸ.

"ಆಯ್ತಾ" ಅಂತ ಫೋನ್ ಬಂತು ಅಂದರೆ ನಾವು ಹೇಳಬೇಕಾದ್ದನ್ನು ಹೇಳಿಲ್ಲ ಅಂತಲೇ ಅರ್ಥ. ಕೊಟ್ಟ ಕಾಗದ ಎಲ್ಲಿ ಬಿದ್ದಿದೆಯೋ ಅಂತ ಅವರಿಗೆ ಚಿಂತೆ. ಅವರು ಕೇಳುವ ಮೊದಲೇ ನಾವು ಹೇಳಿಬಿಟ್ಟರೆ ಅರ್ಧ ಫೋನು ನಿಲ್ಲುತ್ತವೆ. ನಾನು ಕಾಗದ ಕೈಗೆ ಬಂದ ದಿನವೇ ಒಂದು ಮೆಸೇಜ್ ಹಾಕುತ್ತೇನೆ: "ನಿಮ್ಮ ಫಾರಂ 16 (ಕಂಪನಿ ಕೊಡುವ ಸಂಬಳ, ತೆರಿಗೆಯ ಪತ್ರ) ಸಿಕ್ಕಿದೆ. ಎಫ್‌ಡಿ ಬಡ್ಡಿ ಸರ್ಟಿಫಿಕೇಟ್ ಬಾಕಿ. ಅದು ಬಂದ ಮೇಲೆ ನಿಮ್ಮದು ಸರದಿಗೆ ಸೇರುತ್ತೆ, ಅಲ್ಲಿಂದ ಐದು ಕೆಲಸದ ದಿನ." ಲೆಕ್ಕ ಮುಗಿದಾಗ ಇನ್ನೊಂದು, ಅವರು ನೋಡಿ ಒಪ್ಪಲಿ ಅಂತ. ಫೈಲ್ ಮಾಡಿ ಇ-ವೆರಿಫೈ (ರಿಟರ್ನ್ ತನ್ನದೇ ಅಂತ ಕ್ಲೈಂಟ್ ಆನ್‌ಲೈನ್‌ನಲ್ಲಿ ಖಚಿತಪಡಿಸುವುದು) ಆದಾಗ ಮತ್ತೊಂದು. ಮೊದಲನೆಯದರಲ್ಲಿರುವ "ಬಾಕಿ" ಅನ್ನುವ ಮಾತೇ ಮುಖ್ಯ. ಚೆಂಡು ಯಾರ ಅಂಗಳದಲ್ಲಿದೆ ಅಂತ ಅವರಿಗೆ ಗೊತ್ತಿರಬೇಕು.

ಇನ್ನೊಂದು, ಸರ್ಕಾರದ ಕೊನೇ ದಿನ ಬೇರೆ, ನಿನ್ನ ಕೊನೇ ದಿನ ಬೇರೆ. ಈ ಸಲ ನನ್ನದು ಆಗಸ್ಟ್ 31. ಆಮೇಲೆ ಕಾಗದ ತಂದವರಿಗೆ "ಪ್ರಯತ್ನ ಮಾಡ್ತೀನಿ, ಮಾತು ಕೊಡಲ್ಲ" ಅನ್ನುತ್ತೇನೆ. ಇದನ್ನು ಆಗಸ್ಟ್ 31ಕ್ಕೆ ಹೇಳಿದರೆ ಜಗಳ. ಜೂನ್‌ನಲ್ಲೇ ಹೇಳಿಟ್ಟಿದ್ದರೆ ಯಾರೂ ತಕರಾರು ಮಾಡುವುದಿಲ್ಲ.

ಒಟಿಪಿಕೊಡಿ · ಆಗಸ್ಟ್ 18

ಹಳೇಲೆಡ್ಜರ್ ಸರ್, ನಿಮ್ಮ ಕ್ಲೈಂಟ್‌ಗಳು ಮೆಸೇಜ್ ಓದುತ್ತಾರೆ ಅಂತಾಯ್ತು. ಪುಣ್ಯವಂತರು ನೀವು. ನನ್ನವರು ನಾಲ್ಕು ಸಾಲಿನ ಮೆಸೇಜ್ ನೋಡಿದ ತಕ್ಷಣ ಫೋನ್ ಮಾಡಿ "ಏನೋ ಕಳ್ಸಿದ್ರಲ್ಲ, ಏನದು?" ಅಂತಾರೆ.

ಕಾಗದ ಬರುವ ರೀತಿ ಬೇರೆ ಹೇಳಬೇಕು. ಫಾರಂ 16 ಪಿಡಿಎಫ್ ಕೇಳಿದರೆ ಕಂಪ್ಯೂಟರ್ ಸ್ಕ್ರೀನಿನ ಫೋಟೋ. ಅದರಲ್ಲಿ ಭಾಗ ಎ ಇರುತ್ತೆ, ಭಾಗ ಬಿ ಇರಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್‌ಗೆ ಪಾಸ್‌ವರ್ಡ್, ಆ ಪಾಸ್‌ವರ್ಡ್ ಅವರಿಗೂ ಗೊತ್ತಿಲ್ಲ. ಮೂರು ಬೇರೆ ಬೇರೆ ನಂಬರ್‌ನಿಂದ ಒಂದೇ ಮನೆಯವರ ಕಾಗದ, ಯಾವುದು ಯಾರದ್ದು ಅಂತ ಹೆಸರಿಲ್ಲ. ಇ-ವೆರಿಫೈಗೆ ಅಂತ ಆಧಾರ್ ಒಟಿಪಿ ಕಳಿಸಿ ಕಾಯುತ್ತಾ ಕೂತರೆ, ಅವಧಿ ಮುಗಿದ ಮೇಲೆ ಅದೇ ಒಟಿಪಿ ನಿಧಾನಕ್ಕೆ ಬರುತ್ತೆ, ಜೊತೆಗೆ ಒಂದು ಸ್ಮೈಲಿ.

ನಾನು ಈಗ ಒಟಿಪಿ ಕೆಲಸವನ್ನೆಲ್ಲ ಸಂಜೆ 7ರಿಂದ 8ರ ನಡುವೆ ಇಟ್ಟಿದ್ದೇನೆ. "ಇವತ್ತು 7ಕ್ಕೆ ಫೋನ್ ಕೈಯಲ್ಲಿ ಇಟ್ಕೊಂಡಿರಿ" ಅಂತ ಮಧ್ಯಾಹ್ನವೇ ಹೇಳುತ್ತೇನೆ. ಅಷ್ಟಕ್ಕೇ ಹಗಲೆಲ್ಲ ಹಗುರ ಆಗಿದೆ.

ಸಂಜೆಪಾಳಿ · ಆಗಸ್ಟ್ 19

ನಾನು ಹಗಲು ಒಂದು ಕಂಪನಿಯ ಅಕೌಂಟ್ಸ್‌ನಲ್ಲಿದ್ದೇನೆ, ಸಂಜೆ ರಿಟರ್ನ್ ಮಾಡುತ್ತೇನೆ. ಹಾಗಾಗಿ ಹಗಲು ಫೋನ್ ಎತ್ತುವ ಪ್ರಶ್ನೆಯೇ ಇಲ್ಲ. ಮೊದಮೊದಲು ಎಲ್ಲರೂ ಬಿಟ್ಟು ಹೋಗುತ್ತಾರೆ ಅಂದುಕೊಂಡಿದ್ದೆ. ಯಾರೂ ಹೋಗಲಿಲ್ಲ. "ಮೇಡಂ ಸಂಜೆ ಆರೂವರೆ ಮೇಲೇ ಸಿಗೋದು" ಅಂತ ಅವರೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಒಂಟಿಮೇಜು ಅವರೇ, ಫೋನ್ ಎತ್ತದಿದ್ದರೆ ಹೋಗ್ತಾರೆ ಅನ್ನುವ ಭಯ ನಮ್ಮದು. ಅವರಿಗೆ ಬೇಕಿರುವುದು ಯಾವಾಗ ಸಿಗುತ್ತೀರಿ ಅನ್ನುವ ಖಾತ್ರಿ.

ಈ ವರ್ಷ ನನಗೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ: "12 ಲಕ್ಷದ ತನಕ ಟ್ಯಾಕ್ಸ್ ಇಲ್ಲ ಅಂತ ಬಜೆಟ್‌ನಲ್ಲಿ ಹೇಳಿದ್ರಲ್ಲ, ನಂಗ್ಯಾಕೆ ಹಾಕಿದ್ದೀರಿ?" ಹಾಕಿದ್ದೀರಿ ಅಂತೆ! ಟ್ಯಾಕ್ಸು ನಾನೇ ಹಾಕಿದ ಹಾಗೆ.

ಇದಕ್ಕೆ ಒಂದು ಉತ್ತರ ಬರೆದಿಟ್ಟುಕೊಂಡಿದ್ದೇನೆ, ಬೇಕಾದವರು ತಗೊಳ್ಳಿ:

"ಫೆಬ್ರವರಿ 2025ರ ಬಜೆಟ್‌ನಲ್ಲಿ ಹೇಳಿದ 12 ಲಕ್ಷದ ರಿಯಾಯಿತಿ ಏಪ್ರಿಲ್ 1, 2025ರಿಂದ ನೀವು ದುಡಿಯುವ ಹಣಕ್ಕೆ. ಅದರ ರಿಟರ್ನ್ ಹಾಕುವುದು ಮುಂದಿನ ವರ್ಷ. ಈಗ ಹಾಕುತ್ತಿರುವುದು ಏಪ್ರಿಲ್ 2024ರಿಂದ ಮಾರ್ಚ್ 2025ರವರೆಗಿನ ಆದಾಯಕ್ಕೆ. ಇದಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ ರಿಬೇಟ್ (ತೆರಿಗೆ ಮಾಫಿ) ಇರುವುದು 7 ಲಕ್ಷದ ತನಕ. ಸಂಬಳದವರಿಗೆ ಲೆಕ್ಕದಲ್ಲಿ ನೇರವಾಗಿ ಕಳೆಯುವ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಸೇರಿಸಿಕೊಂಡರೆ 7,75,000 ಸಂಬಳದ ತನಕ ತೆರಿಗೆ ಬರುವುದಿಲ್ಲ."

ಇದನ್ನು ಆಡಿಯೋ ಮಾಡಿಯೂ ಇಟ್ಟಿದ್ದೇನೆ. ಒಟಿಪಿಕೊಡಿ ಅವರ ಕ್ಲೈಂಟ್‌ಗಳಂಥವರಿಗೆ. ಓದಲ್ಲ, ಆದರೆ ಕೇಳ್ತಾರೆ.

ಎರಡನೇಫಾರಂ · ಆಗಸ್ಟ್ 19

ಉತ್ತರ ಬರೆದಿಟ್ಟುಕೊಳ್ಳುವುದು ಸರಿ, ಆದರೆ ಎಲ್ಲದಕ್ಕೂ ಆಗಲ್ಲ. ಕೆಲವು ಸುದ್ದಿಯನ್ನು ಮೆಸೇಜ್‌ನಲ್ಲಿ ಹೇಳಲೇಬಾರದು. ಮಧ್ಯದಲ್ಲಿ ಕೆಲಸ ಬದಲಿಸಿದವರ ಕೇಸ್ ತಗೊಳ್ಳಿ.

ಮೊನ್ನೆ ಬಂದ ಹುಡುಗ ಮೊದಲ ಕಂಪನಿಯಲ್ಲಿ ಆರು ತಿಂಗಳಿಗೆ 6,00,000 ತಗೊಂಡಿದ್ದ, ಎರಡನೆಯದರಲ್ಲಿ 6,50,000. ಎರಡೂ ಕಂಪನಿ ತಮ್ಮ ಪಾಡಿಗೆ ತಾವು 75,000 ಕಳೆದು, 7 ಲಕ್ಷದೊಳಗೆ ಇದೆ ಅಂತ ರಿಬೇಟ್ ಕೊಟ್ಟು, ಟಿಡಿಎಸ್ (ಸಂಬಳದಲ್ಲೇ ಹಿಡಿಯುವ ತೆರಿಗೆ) ಸೊನ್ನೆ ಮಾಡಿದ್ದವು. ಎರಡು ಫಾರಂ 16, ಎರಡರಲ್ಲೂ ತೆರಿಗೆ ಸೊನ್ನೆ. ಹುಡುಗನಿಗೆ ಖುಷಿ. "ಸರ್, ನಂದು ಬರೀ ಫೈಲ್ ಮಾಡೋದಷ್ಟೇ" ಅಂದ.

ಕೂಡಿಸಿದರೆ 12,50,000. ಸ್ಟ್ಯಾಂಡರ್ಡ್ ಡಿಡಕ್ಷನ್ ಒಂದೇ ಸಲ, ಉಳಿದದ್ದು 11,75,000. ಮೊದಲ 3 ಲಕ್ಷಕ್ಕೆ ಇಲ್ಲ. 7 ಲಕ್ಷದ ತನಕ 5 ಪರ್ಸೆಂಟ್, 20,000. 10 ಲಕ್ಷದ ತನಕ 10 ಪರ್ಸೆಂಟ್, 30,000. ಮೇಲಿನ 1,75,000ಕ್ಕೆ 15 ಪರ್ಸೆಂಟ್, 26,250. ಸೆಸ್ ಸೇರಿ 79,300 ರೂಪಾಯಿ. ಅದರ ಮೇಲೆ ತೆರಿಗೆ ಮುಂಚಿತವಾಗಿ ಕಟ್ಟದ್ದಕ್ಕೆ 234ಬಿ, 234ಸಿ ಬಡ್ಡಿ ಬೇರೆ.

ಸೊನ್ನೆ ಅಂದುಕೊಂಡು ಬಂದವನಿಗೆ 79,300 ಅನ್ನುವುದನ್ನು ಪಿಡಿಎಫ್‌ನಲ್ಲಿ ಕಳಿಸಿದರೆ ಏನಾಗುತ್ತೆ ಹೇಳಿ? ನೀವೇ ತಪ್ಪು ಮಾಡಿದ್ದೀರಿ ಅನ್ನುತ್ತಾನೆ, ಅಥವಾ ಬೇರೆಯವರ ಹತ್ತಿರ ಹೋಗಿ ಒಂದೇ ಫಾರಂ 16 ಕೊಟ್ಟು ಫೈಲ್ ಮಾಡಿಸಿಕೊಳ್ಳುತ್ತಾನೆ. ನಾನು ಕರೆದು ಕೂರಿಸಿ ಎರಡೂ ಕಾಗದ ಪಕ್ಕಪಕ್ಕ ಇಟ್ಟು ತೋರಿಸಿದೆ. "ಇಲ್ಲೂ 75,000 ಕಳೆದಿದ್ದಾರೆ, ಇಲ್ಲೂ ಕಳೆದಿದ್ದಾರೆ. ಇಲ್ಲೂ ರಿಬೇಟ್, ಇಲ್ಲೂ ರಿಬೇಟ್. ಒಬ್ಬ ಮನುಷ್ಯನಿಗೆ ಒಂದೇ ಸಲ." ಅರ್ಥ ಆಯಿತು. ಮುಖ ಸಣ್ಣದಾಯಿತು, ಆದರೆ ಜಗಳ ಆಗಲಿಲ್ಲ. ಎರಡೂ ಕಂಪನಿಯ ಸಂಬಳ ಇಲಾಖೆಯ ಪಟ್ಟಿಗಳಾದ 26ಎಎಸ್‌, ಎಐಎಸ್‌ ಕಡೆ ಬರುವ ಸಾಧ್ಯತೆ ಇದೆ, ಮುಚ್ಚಿಡುವ ಯೋಚನೆ ಬೇಡ ಅಂತಲೂ ಹೇಳಿದೆ.

ಈಗ ಕಾಗದ ತಗೊಳ್ಳುವಾಗಲೇ ಮೊದಲ ಪ್ರಶ್ನೆ: "ಕಳೆದ ವರ್ಷ ಕೆಲಸ ಬದಲಾಯಿಸಿದ್ರಾ?" ಹೌದು ಅಂದರೆ ಆಗಲೇ "ಕಟ್ಟೋದು ಬರಬಹುದು, ರೆಡಿ ಇರಿ" ಅಂತ ಕಿವಿಗೆ ಹಾಕಿಬಿಡುತ್ತೇನೆ.

ಒಂಟಿಮೇಜು · ಆಗಸ್ಟ್ 19

ಇದು ನನಗೆ ತುಂಬಾ ಉಪಯೋಗ ಆಯಿತು. ಷೇರಿನವರದ್ದೂ ಇದೇ ತರ ಗಾಬರಿ. ಎಐಎಸ್ ತಾವೇ ತೆರೆದು ನೋಡಿಕೊಂಡು "ಸರ್ 18 ಲಕ್ಷ ತೋರಿಸ್ತಿದೆ, ಅಷ್ಟು ದುಡ್ಡು ನಾನು ಕಣ್ಣಲ್ಲೇ ನೋಡಿಲ್ಲ" ಅಂತಾರೆ. ಹಾಕಿರುವುದು 50 ಸಾವಿರವೇ ಇರಬಹುದು. ಅದನ್ನೇ ವಾರವಾರ ಮಾರಿ ಕೊಂಡಿರುತ್ತಾರೆ, ಎಐಎಸ್‌ನಲ್ಲಿ ಮಾರಿದ ಮೊತ್ತವೆಲ್ಲ ಕೂಡಿಕೊಂಡು ಬರುತ್ತೆ. ಲಾಭ ಎಷ್ಟು ಅನ್ನುವುದು ಬೇರೆ ಲೆಕ್ಕ. ಇದನ್ನು ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಬೇಕು.

ಆದರೆ ಇದೆಲ್ಲ ಕೇಳಬೇಕಾದ ಪ್ರಶ್ನೆಗಳೇ ಅಲ್ವಾ. ನನಗೆ ಕಷ್ಟ ಆಗುವುದು ಇನ್ನೊಂದು ತರದ್ದು. "ಏನಾದ್ರೂ ಮಾಡಿ ರಿಫಂಡ್ ಜಾಸ್ತಿ ಬರೋ ಹಾಗೆ ಮಾಡಿ." ಇದಕ್ಕೆ ಏನು ಹೇಳ್ತೀರಿ?

ನೇರಗೆರೆ · ಆಗಸ್ಟ್ 20

ಇದೊಂದಕ್ಕೇ ನಾನು ಲಾಗಿನ್ ಆಗಿ ಬರೆಯುತ್ತಿದ್ದೇನೆ.

"ನನ್ನ ಕಲೀಗ್‌ಗೆ 60 ಸಾವಿರ ಬಂತು. ಅವನ ಕನ್ಸಲ್ಟೆಂಟ್ ರಾಜಕೀಯ ಪಾರ್ಟಿಗೆ ಡೊನೇಷನ್ ಕೊಟ್ಟ ಹಾಗೆ ಹಾಕಿದ್ನಂತೆ, ಬಂದಿದ್ರಲ್ಲಿ ಇಷ್ಟು ಪರ್ಸೆಂಟ್ ಅವನಿಗೆ ಕೊಟ್ರೆ ಸಾಕಂತೆ." ಎಲ್ಲರೂ ಕೇಳಿರುತ್ತೀರಿ. ಕೊಡದ ಬಾಡಿಗೆಗೆ ಎಚ್‌ಆರ್‌ಎ, ಇಲ್ಲದ ಶಿಕ್ಷಣ ಸಾಲಕ್ಕೆ 80ಇ, ಕೊಡದ ದೇಣಿಗೆಗೆ 80ಜಿಜಿಸಿ ಅಂತ ಕಡಿತ ತೋರಿಸುವುದು.

ಜುಲೈ 14ರಂದು ಇಲಾಖೆಯ ಪ್ರಕಟಣೆ ಬಂದದ್ದು ಓದಿದ್ದೀರಾ? ದೇಶದ 150 ಕಡೆ ಪರಿಶೀಲನೆ ಮಾಡಿದ್ದಾರೆ. ಇಂಥ ಕ್ಲೇಮ್ ಹಾಕಿಸುತ್ತಿದ್ದ ರಿಟರ್ನ್ ತಯಾರಕರು, ಮಧ್ಯವರ್ತಿಗಳನ್ನೇ ಹುಡುಕಿಕೊಂಡು ಹೋಗಿದ್ದಾರೆ. ಅದಕ್ಕೂ ಮುಂಚಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಜನ ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಕ್ಲೇಮ್ ವಾಪಸ್ ತಗೊಂಡಿದ್ದಾರೆ ಅಂತಲೂ ಅದರಲ್ಲೇ ಇದೆ. ಈ ವರ್ಷದ ಫಾರಂನಲ್ಲೇ ನೋಡಿ, ಪಾಲಿಸಿ ನಂಬರ್, ಸಾಲ ಕೊಟ್ಟ ಬ್ಯಾಂಕ್, ಸಾಲದ ಖಾತೆ ನಂಬರ್ ಎಲ್ಲ ಕೇಳುತ್ತಿದೆ. ಸುಮ್ನೆ ಮೊತ್ತ ತುಂಬಿ ಮುಂದೆ ಹೋಗುವ ಕಾಲ ಮುಗಿಯಿತು.

ಕ್ಲೈಂಟ್‌ಗೆ ನಾನು ಉಪದೇಶ ಮಾಡಲ್ಲ. ಲೆಕ್ಕ ಹೇಳುತ್ತೇನೆ. "60 ಸಾವಿರ ಈಗ ಬರುತ್ತೆ. ಸಿಕ್ಕಿಬಿದ್ದರೆ ಆ 60 ಸಾವಿರ ವಾಪಸ್, ಬಡ್ಡಿ, ಮತ್ತೆ ಆದಾಯ ತೆರಿಗೆ ಕಾಯ್ದೆಯ 270ಎ ಕೆಳಗೆ ತೆರಿಗೆಯ 200 ಪರ್ಸೆಂಟ್ ದಂಡ, ಅಂದರೆ ಇನ್ನೂ 1,20,000. ಕಮಿಷನ್ ತಗೊಂಡವನು ಆಗ ಫೋನ್ ಎತ್ತಲ್ಲ. ನೋಟಿಸ್‌ನಲ್ಲಿ ಹೆಸರು ನಿಮ್ಮದು." ಇಷ್ಟು ಹೇಳಿದ ಮೇಲೂ ಹಟ ಹಿಡಿದರೆ ಕಾಗದ ವಾಪಸ್ ಕೊಡುತ್ತೇನೆ. ಸುಳ್ಳು ರಿಟರ್ನ್‌ಗೆ ಕುಮ್ಮಕ್ಕು ಕೊಟ್ಟವರ ಮೇಲೂ 278ರಲ್ಲಿ ಕೇಸ್ ಆಗುತ್ತೆ. ಒಬ್ಬರ ಫೀಸ್‌ಗೋಸ್ಕರ ಅಷ್ಟು ರಿಸ್ಕ್ ಯಾರಿಗೆ ಬೇಕು?

ಒಟಿಪಿಕೊಡಿ · ಆಗಸ್ಟ್ 20

ಹೇಳೋದು ಸುಲಭ ಗುರುಗಳೇ. ನೀವು ಬೇಡ ಅಂದದ್ದನ್ನು ಪಕ್ಕದವನು ಮಾಡಿಕೊಡ್ತಾನೆ. ಒಬ್ಬ ಹೋದರೆ ಅವನ ಆಫೀಸಿನ ಇಡೀ ಗುಂಪು ಹೋಗುತ್ತೆ. ಹೊಸದಾಗಿ ಶುರು ಮಾಡಿದವರಿಗೆ ಅದೇ ಆದಾಯ.

ನೇರಗೆರೆ · ಆಗಸ್ಟ್ 20

ಹೋಗುತ್ತಾರೆ, ನಿಜ. ನನ್ನವರೂ ಹೋಗಿದ್ದಾರೆ. ಎಲ್ಲರೂ ತಿರುಗಿ ಬರುತ್ತಾರೆ ಅಂತ ಸುಳ್ಳು ಹೇಳಲ್ಲ. ಆದರೆ ನಿಮ್ಮ ಈ ಥ್ರೆಡ್ ಟೆನ್ಷನ್ ಬಗ್ಗೆ ತಾನೇ? ಸುಳ್ಳು ಕ್ಲೇಮ್ ಹಾಕಿದ ಮೇಲೆ ಬರುವ ಟೆನ್ಷನ್ ಸೆಪ್ಟೆಂಬರ್‌ಗೆ ಮುಗಿಯಲ್ಲ. ಪ್ರತಿ ವರ್ಷ ನೋಟಿಸ್ ಸೀಸನ್‌ನಲ್ಲಿ ಎದೆ ಢವಗುಟ್ಟುತ್ತಲೇ ಇರುತ್ತೆ.

ರಸೀದಿಇದೆಯಾ · ಆಗಸ್ಟ್ 21

ನಾನು ಕ್ಲೈಂಟ್ ಕಡೆಯವನು, ಇಲ್ಲಿ ಬರೆಯಬಹುದಾ ಗೊತ್ತಿಲ್ಲ. ನೀವೆಲ್ಲ ನಮ್ಮ ಫೋನ್ ಬಗ್ಗೆ ನಗುವುದು ನೋಡಿ ಒಂದು ಮಾತು ಹೇಳೋಣ ಅನ್ನಿಸಿತು.

ನಾವು ಫೋನ್ ಮಾಡುವುದು ಭಯಕ್ಕೆ. ನಾನು ಕೆಲವು ವರ್ಷ ಒಬ್ಬರ ಹತ್ತಿರ ಮಾಡಿಸುತ್ತಿದ್ದೆ. ಅವರು ಇಲಾಖೆಯ ಪೋರ್ಟಲ್‌ನಲ್ಲಿ ತಮ್ಮದೇ ಮೊಬೈಲ್, ತಮ್ಮದೇ ಇಮೇಲ್ ಹಾಕಿಕೊಂಡಿದ್ದರು. ಪಾಸ್‌ವರ್ಡೂ ಅವರ ಹತ್ತಿರವೇ. ಒಂದು ವರ್ಷ 139(9)ರಲ್ಲಿ ಡಿಫೆಕ್ಟಿವ್ (ರಿಟರ್ನ್‌ನಲ್ಲಿ ದೋಷ ಇದೆ) ಅಂತ ನೋಟಿಸ್ ಬಂದಿತ್ತಂತೆ. ಉತ್ತರ ಕೊಡಲು 15 ದಿನ. ಅದು ಹೋದದ್ದು ಅವರ ಇಮೇಲ್‌ಗೆ, ಸಾವಿರ ಮೇಲ್‌ಗಳ ನಡುವೆ. ಅವರು ನೋಡಲಿಲ್ಲ, ನನಗೆ ಗೊತ್ತೇ ಆಗಲಿಲ್ಲ. ರಿಫಂಡ್ ಬರಲಿಲ್ಲ ಅಂತ ನಾನು ಕೇಳಿದಾಗಲೆಲ್ಲ "ಪ್ರೋಸೆಸ್‌ನಲ್ಲಿದೆ" ಅನ್ನುತ್ತಿದ್ದರು. ಕೊನೆಗೆ ಬೇರೆಯವರು ಲಾಗಿನ್ ಮಾಡಿ ನೋಡಿದಾಗ ಆ ರಿಟರ್ನ್ ಇನ್‌ವ್ಯಾಲಿಡ್ ಆಗಿತ್ತು.

ಈಗಿನವರ ಹತ್ತಿರ ನಾನು ಜಾಸ್ತಿ ಫೋನ್ ಮಾಡಲ್ಲ. ಯಾಕೆ ಗೊತ್ತಾ? ಫೈಲ್ ಆದ ತಕ್ಷಣ ಇಲಾಖೆಯ ಮೆಸೇಜ್ ನನ್ನ ಮೊಬೈಲ್‌ಗೇ ಬರುತ್ತೆ. ಕೇಳುವುದೇನೂ ಉಳಿಯಲ್ಲ.

ಹಳೇಲೆಡ್ಜರ್ · ಆಗಸ್ಟ್ 21

ಧಾರಾಳವಾಗಿ ಬರೆಯಿರಿ ಸ್ವಾಮಿ. ಇಲ್ಲಿ ಈ ತನಕ ಬಂದದ್ದರಲ್ಲಿ ನಿಮ್ಮದೇ ತೂಕದ ಮಾತು.

ಎಲ್ಲರೂ ಕೇಳಿಸಿಕೊಳ್ಳಿ. ಪ್ರೈಮರಿ ಮೊಬೈಲ್, ಪ್ರೈಮರಿ ಇಮೇಲ್ ಯಾವತ್ತೂ ಕ್ಲೈಂಟ್‌ದೇ ಇರಬೇಕು. ನಮ್ಮದು ಬೇಕಿದ್ದರೆ ಸೆಕೆಂಡರಿ. ಒಟಿಪಿ ಕೇಳುವುದು ರಗಳೆ ಅಂತ ನಮ್ಮ ನಂಬರ್ ಹಾಕಿಕೊಳ್ಳುವುದು ಈ ವೃತ್ತಿಯ ಕೆಟ್ಟ ಚಾಳಿ. ನೇರಗೆರೆ ಹೇಳಿದ ಪ್ರಕಟಣೆಯಲ್ಲಿ ಇದೂ ಇದೆ. ಕೆಲವರು ಫೈಲಿಂಗ್‌ಗೆಂದೇ ತಾತ್ಕಾಲಿಕ ಇಮೇಲ್ ಮಾಡಿ, ಸೀಸನ್ ಮುಗಿದ ಮೇಲೆ ಅದನ್ನು ಬಿಟ್ಟುಬಿಡುತ್ತಾರೆ, ನೋಟಿಸ್ ಯಾರೂ ಓದದೆ ಬಿದ್ದಿರುತ್ತವೆ ಅಂತ.

ಮೊದಲಸೀಸನ್ · ಆಗಸ್ಟ್ 24

ನಾನು ಒಂದು ಆಫೀಸಿನಲ್ಲಿ ಅಸಿಸ್ಟೆಂಟ್. ನನಗಿದು ಮೊದಲ ಸೀಸನ್. ನಿನ್ನೆ ಒಬ್ಬರು ಫೋನ್‌ನಲ್ಲಿ ಕಿರುಚಾಡಿಬಿಟ್ಟರು. ರಿಫಂಡ್ ಬಂದಿಲ್ಲ ಅಂತ. ಅವರ ಬ್ಯಾಂಕ್ ಖಾತೆ ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಆಗಿಲ್ಲ, ಹೆಸರು ಹೊಂದುತ್ತಿಲ್ಲ ಅಂತ ವಿವರಿಸಲು ಹೋದೆ, ಮಾತೇ ಆಡಲು ಬಿಡಲಿಲ್ಲ. "ನಿಮ್ ಸರ್‌ಗೆ ಕೊಡಿ, ನೀವ್ಯಾರು?" ಅಂದರು. ಆಮೇಲೆ ಇಡೀ ದಿನ ಕೈ ನಡುಗುತ್ತಿತ್ತು. ಸರ್ ಒಳಗೆ ಆಡಿಟ್ ಫೈಲ್‌ಗಳ ಮಧ್ಯೆ ಇರುತ್ತಾರೆ, ಹೇಳಲೂ ಸಂಕೋಚ.

ಸಂಜೆಪಾಳಿ · ಆಗಸ್ಟ್ 24

ಮೊದಲು ಒಂದು ವಿಷಯ, ಸರ್‌ಗೆ ಹೇಳಮ್ಮ. ಸಂಕೋಚ ಬೇಡ. ಅವರ ಕ್ಲೈಂಟ್, ಅವರು ಮಾತಾಡಬೇಕು.

ಕಿರುಚುವವರ ಜೊತೆ ಆ ಹೊತ್ತಿನಲ್ಲಿ ವಿವರಣೆಗೆ ಇಳಿಯಬಾರದು. ಕಾರಣ ಕೇಳುವ ಸ್ಥಿತಿಯಲ್ಲಿ ಅವರು ಇರಲ್ಲ. "ನಿಮ್ಮ ಹೆಸರು, ಪ್ಯಾನ್ ಬರ್ಕೊಂಡಿದ್ದೀನಿ. ಈಗ್ಲೇ ಲಾಗಿನ್ ಮಾಡಿ ನೋಡಿ 4 ಗಂಟೆಗೆ ನಾನೇ ಫೋನ್ ಮಾಡ್ತೀನಿ" ಅಂತ ಹೇಳಿ ಇಟ್ಟುಬಿಡು. ಆಮೇಲೆ 4ಕ್ಕೆ ಮಾಡಲೇಬೇಕು, ಏನೂ ಗೊತ್ತಾಗಿರದಿದ್ದರೂ. ಅಷ್ಟೊತ್ತಿಗೆ ದನಿ ಇಳಿದಿರುತ್ತೆ. ಬ್ಯಾಂಕ್ ಖಾತೆ ವಿಷಯವನ್ನು ಆಗ ಹೇಳು. ಸ್ಕ್ರೀನ್‌ಶಾಟ್ ಕಳಿಸು, ಮಾತಿಗಿಂತ ಅದನ್ನು ಜಾಸ್ತಿ ನಂಬುತ್ತಾರೆ.

ಬೈಗುಳಕ್ಕೆ ಇಳಿದರೆ ಮಾತ್ರ "ಸರ್ ಮಾತಾಡ್ತಾರೆ" ಅಂತ ಹೇಳಿ ಫೋನ್ ಇಡು. ಅದನ್ನು ಕೇಳಿಸಿಕೊಂಡು ಕೂರುವುದಕ್ಕೆ ಯಾರೂ ಸಂಬಳ ಕೊಡಲ್ಲ.

ಎರಡನೇಫಾರಂ · ಆಗಸ್ಟ್ 24

ರಿಫಂಡ್ "ಯಾವಾಗ" ಅನ್ನುವುದಕ್ಕೆ ದಯವಿಟ್ಟು ಯಾರೂ ದಿನ ಹೇಳಬೇಡಿ. "ಒಂದು ವಾರದಲ್ಲಿ ಬರುತ್ತೆ" ಅಂದರೆ ಎಂಟನೇ ದಿನ ಬೆಳಿಗ್ಗೆ ಫೋನು. ನಾನು ಹೇಳುವುದು: "ಪ್ರೋಸೆಸ್ ಮಾಡೋದು ಇಲಾಖೆಯ ಕೇಂದ್ರ, ಸಿಪಿಸಿ. ಕಾನೂನಲ್ಲಿ ಅವರಿಗೆ ಡಿಸೆಂಬರ್ 31, 2026ರ ತನಕ ಟೈಮಿದೆ. ಸಾಮಾನ್ಯವಾಗಿ ಅಷ್ಟು ತಗೊಳ್ಳಲ್ಲ. ತಡ ಆದ್ರೆ ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿ ಕೊಡೋ ನಿಯಮ ಇದೆ." 2026 ಅಂದ ತಕ್ಷಣ ಬೆಚ್ಚಿ ಬೀಳುತ್ತಾರೆ, ಆಮೇಲೆ ಎರಡು ತಿಂಗಳಲ್ಲಿ ಬಂದರೂ ಖುಷಿಪಡುತ್ತಾರೆ.

ನೇರಗೆರೆ · ಆಗಸ್ಟ್ 24

ನನ್ನದೊಂದು ನಿಯಮ, ರಾತ್ರಿ 10ರ ಮೇಲೆ ಸಬ್‌ಮಿಟ್ ಒತ್ತುವುದಿಲ್ಲ. ಲೆಕ್ಕ ಮಾಡಿಟ್ಟು ಮಲಗುತ್ತೇನೆ, ಬೆಳಿಗ್ಗೆ ಒಮ್ಮೆ ಕಣ್ಣಾಡಿಸಿ ಕಳಿಸುತ್ತೇನೆ. ಸುಸ್ತಾದ ಕಣ್ಣಿಗೆ 1,20,000ವೂ 12,000ವೂ ಒಂದೇ ತರ ಕಾಣುತ್ತೆ. ಬೆಳಿಗ್ಗೆ 11ರ ತನಕ ಫೋನ್ ಬೇರೆ ಕೋಣೆಯಲ್ಲಿ. ಕಷ್ಟದ ಫೈಲ್‌ಗಳೆಲ್ಲ ಆ ಹೊತ್ತಿಗೆ. ರಿವೈಸ್ಡ್ ರಿಟರ್ನ್‌ಗೆ ಡಿಸೆಂಬರ್ 31ರ ತನಕ ಅವಕಾಶ ಇದ್ದೇ ಇದೆ, ಆದರೆ ಒಂದೇ ಫೈಲ್ ಎರಡು ಸಲ ಮಾಡುವ ಪುರುಸೊತ್ತು ಯಾರಿಗಿದೆ?

ಫೀಸ್ ಬಗ್ಗೆ ಯಾರೂ ಮಾತಾಡಲಿಲ್ಲ. ಲೆಕ್ಕ ಒಪ್ಪಿದ ಮೇಲೆ, ಫೈಲ್ ಮಾಡುವ ಮೊದಲು ತಗೊಂಡುಬಿಡಿ. ಫೈಲ್ ಆದ ಮೇಲೆ "ರಿಫಂಡ್ ಬಂದ್ಮೇಲೆ ಕೊಡ್ತೀನಿ" ಅನ್ನುವವರೇ ದಿನಾ ಫೋನ್ ಮಾಡುವವರು.

ಹಳೇಲೆಡ್ಜರ್ · ಆಗಸ್ಟ್ 25

ಫೀಸ್ ವಿಷಯದಲ್ಲಿ ನಾನು ಒಪ್ಪಲ್ಲ. ಹಳೇ ಕ್ಲೈಂಟ್‌ಗಳಿಗೆ ಮುಂಗಡ ಕೇಳಿದರೆ ಬೇಜಾರಾಗ್ತಾರೆ. ಹೊಸಬರಿಗೆ ಸರಿ. ಉಳಿದದ್ದಕ್ಕೆಲ್ಲ ನನ್ನದೂ ಸಹಿ.

ಒಟಿಪಿಕೊಡಿ · ಸೆಪ್ಟೆಂಬರ್ 14

ಯಾರಾದ್ರೂ ಎದ್ದಿದ್ದೀರಾ? ಸೆಪ್ಟೆಂಬರ್ 30ಕ್ಕೆ ಮುಂದೆ ಹೋಯ್ತು ಅಂತ ಒಂದು ನೋಟಿಸ್ ಎಲ್ಲ ಗುಂಪುಗಳಲ್ಲೂ ಓಡಾಡ್ತಿದೆ. ಕ್ಲೈಂಟ್‌ಗಳು "ಸರ್ ನಿಧಾನಕ್ಕೆ ಮಾಡಿ" ಅಂತಿದ್ದಾರೆ.

ಸಂಜೆಪಾಳಿ · ಸೆಪ್ಟೆಂಬರ್ 14

ಅದು ನಕಲಿ. ಇಲಾಖೆಯೇ ಹೇಳಿದೆ, ಕೊನೇ ದಿನ 15 ಅಂತಲೇ. ಅವರ ಸ್ಪಷ್ಟನೆಯ ಚಿತ್ರವನ್ನೇ ಎಲ್ಲರಿಗೂ ಫಾರ್ವರ್ಡ್ ಮಾಡಿಬಿಡಿ, ಒಬ್ಬೊಬ್ಬರಿಗೂ ಬರೆಯುತ್ತಾ ಕೂರಬೇಡಿ. ನಾಳೆ ಅಡ್ವಾನ್ಸ್ ಟ್ಯಾಕ್ಸ್ ಎರಡನೇ ಕಂತಿಗೂ ಕೊನೇ ದಿನ ಅನ್ನುವುದನ್ನೂ ಅದರ ಜೊತೆಗೇ ಸೇರಿಸಿ. ಪೋರ್ಟಲ್ ಈಗಲೇ ತೆವಳುತ್ತಿದೆ. ತೆರಿಗೆ ಕಟ್ಟುವುದು ಬಾಕಿ ಇರುವವರ ಚಲನ್ ಇವತ್ತೇ ಮುಗಿಸಿ.

ಒಂಟಿಮೇಜು · ಸೆಪ್ಟೆಂಬರ್ 16

ನಿನ್ನೆ ಮಧ್ಯರಾತ್ರಿ ಹತ್ತಿರ ಬಂತು ನೋಡಿ, ಒಂದೇ ಒಂದು ದಿನ ಮುಂದೆ, 16ಕ್ಕೆ. ಜೊತೆಗೆ ರಾತ್ರಿ 12ರಿಂದ ಎರಡೂವರೆ ತನಕ ಪೋರ್ಟಲ್ ಮೇಂಟೆನೆನ್ಸ್. ಅದನ್ನು ಓದಿ ಲ್ಯಾಪ್‌ಟಾಪ್ ಮುಚ್ಚಿ ಮಲಗಿಬಿಟ್ಟೆ.

ಆಗಸ್ಟ್ ಕೊನೆಯಿಂದ "ಬಾಕಿ" ಮೆಸೇಜ್ ಹಾಕಲು ಶುರು ಮಾಡಿದ್ದೆ. ಫೋನ್ ನಿಂತಿಲ್ಲ, ಆದರೆ ಪ್ರಶ್ನೆ ಬದಲಾಗಿದೆ. "ಆಯ್ತಾ" ಅನ್ನುವ ಬದಲು "ಎಫ್‌ಡಿ ಸರ್ಟಿಫಿಕೇಟ್ ಕಳ್ಸಿದೆ ನೋಡಿ" ಅನ್ನುತ್ತಿದ್ದಾರೆ. ಇನ್ನು ಉಳಿದಿರುವವರು ಏನೂ ಕಳಿಸದ ಮೂವರು. ಅವರಲ್ಲಿ ಒಬ್ಬರಿಗೆ ಕಡಿತಗಳು ಸಿಗುವ ಹಳೇ ತೆರಿಗೆ ಪದ್ಧತಿಯೇ ಲಾಭ, ಹೋಮ್ ಲೋನ್ ಇದೆ. ಇವತ್ತು ತಪ್ಪಿದರೆ ತಡವಾಗಿ ಹಾಕುವ ಬಿಲೇಟೆಡ್‌ನಲ್ಲಿ ಹಳೇ ಪದ್ಧತಿ ತಗೊಳ್ಳಬಹುದಾ?

ನೇರಗೆರೆ · ಸೆಪ್ಟೆಂಬರ್ 16

ಆಗಲ್ಲ. ಡಿಸೆಂಬರ್ 31ರ ತನಕ ಬಿಲೇಟೆಡ್ ಹಾಕಬಹುದು, ಆದರೆ ಹೊಸ ಪದ್ಧತಿಯಲ್ಲೇ. ಮೇಲೆ 234ಎಫ್ ಕೆಳಗೆ 5,000 ಫೀಸ್, ಆದಾಯ 5 ಲಕ್ಷದೊಳಗಿದ್ದರೆ 1,000. ಕಟ್ಟುವುದು ಬಾಕಿ ಇದ್ದರೆ ಬಡ್ಡಿಯೂ. ಅವರೊಬ್ಬರಿಗೆ ಈಗಲೇ ಫೋನ್ ಮಾಡಿ, ಎಷ್ಟು ರೂಪಾಯಿ ಕೈಬಿಟ್ಟು ಹೋಗುತ್ತೆ ಅಂತ ಮೊತ್ತ ಹೇಳಿ. ಕಾಗದ ಮಧ್ಯಾಹ್ನದೊಳಗೆ ಬರುತ್ತೆ.

ಒಂಟಿಮೇಜು · ಸೆಪ್ಟೆಂಬರ್ 16

ಹೇಳಿದೆ. ಅರ್ಧ ಗಂಟೆಯಲ್ಲಿ ಲೋನ್ ಸರ್ಟಿಫಿಕೇಟ್ ಬಂತು, ಪಿಡಿಎಫ್‌ನಲ್ಲೇ. ಇನ್ನಿಬ್ಬರು ಫೋನ್ ಎತ್ತುತ್ತಿಲ್ಲ.

ಹಳೇಲೆಡ್ಜರ್ · ಸೆಪ್ಟೆಂಬರ್ 17

ಎಲ್ಲರೂ ಸ್ವಲ್ಪ ನಿದ್ದೆ ಮಾಡಿ. ಎದ್ದ ಮೇಲೆ ಒಂದು ಕೆಲಸ ಇದೆ. ಕೊನೇ ಎರಡು ದಿನ ಹಾಕಿದವುಗಳಲ್ಲಿ ಇ-ವೆರಿಫೈ ಆಗದೆ ಉಳಿದವು ಎಷ್ಟು ಅಂತ ಪಟ್ಟಿ ತೆಗೆಯಿರಿ. 30 ದಿನ ದಾಟಿದರೆ ವೆರಿಫೈ ಆದ ದಿನವೇ ಫೈಲ್ ಆದ ದಿನ ಅಂತ ಲೆಕ್ಕ, ಲೇಟ್ ಫೀಸ್ ಬೀಳುತ್ತೆ. ಮೊದಲಸೀಸನ್, ಆ ಪಟ್ಟಿ ಮಾಡುವ ಕೆಲಸ ನಿನ್ನ ಸರ್‌ನ ಕೇಳಿ ನೀನೇ ತಗೋ. ಮುಂದಿನ ವರ್ಷ ಯಾರಿಗೆ ಜೂನ್‌ನಲ್ಲೇ ಬೆನ್ನು ಹತ್ತಬೇಕು ಅಂತ ಅದರಲ್ಲೇ ಗೊತ್ತಾಗುತ್ತೆ.

ಮೊದಲಸೀಸನ್ · ಸೆಪ್ಟೆಂಬರ್ 17

ಶುರು ಮಾಡಿದ್ದೀನಿ ಸರ್. ಪಟ್ಟಿಯಲ್ಲಿ ಮೊದಲ ಹೆಸರೇ ಅವತ್ತು ಕಿರುಚಾಡಿದ್ದವರ ಅಣ್ಣನದು. ಸಂಜೆ 7ಕ್ಕೆ ಫೋನ್ ಕೈಯಲ್ಲಿ ಇಟ್ಕೊಂಡಿರಿ ಅಂತ ಮೆಸೇಜ್ ಹಾಕಿದ್ದೀನಿ.